ಒಂದನೇ ತರಗತಿಗೆ ಬರುವ ದವಡೆ ಹಲ್ಲು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಶಾಲಾ ಮಕ್ಕಳ ಬಾಯಿ ತಪಾಸಣೆಗೆ ಸರ್ಕಾರದ ವ್ಯವಸ್ಥೆ ಇದೆ. ತಪಾಸಣೆಯ ಚೀಟಿ ಕೈಗೆ ಬಂದ ಮೇಲೆ ಆ ಹಲ್ಲಿನ ಗತಿ ಏನು?

ಮಗು ಶಾಲೆಗೆ ಸೇರುವ ಹೊತ್ತಿಗೆ, ಅಂದರೆ ಆರರ ಆಸುಪಾಸಿನಲ್ಲಿ, ಅದರ ಬಾಯಲ್ಲಿ ನಾಲ್ಕು ಹೊಸ ಹಲ್ಲು ಮೂಡುತ್ತವೆ. ಮೇಲೆ ಎರಡು, ಕೆಳಗೆ ಎರಡು. ಹಾಲುಹಲ್ಲಿನ ಸಾಲು ಮುಗಿದ ಕಡೆ, ದವಡೆಯ ಒಳಮೂಲೆಯಲ್ಲಿ. ಮುಂದಿನ ಹಲ್ಲು ಅಲುಗಾಡಿ ಬಿದ್ದರೆ ಮನೆಯಲ್ಲಿ ಅದೊಂದು ಸುದ್ದಿ. ಬಿದ್ದ ಹಲ್ಲನ್ನು ಸಗಣಿಯಲ್ಲಿ ಹುದುಗಿಸಿ ಮಾಳಿಗೆಯ ಮೇಲೆ ಎಸೆಯುವ ಸಂಭ್ರಮ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ದವಡೆ ಹಲ್ಲಿಗೆ ಆ ಭಾಗ್ಯವಿಲ್ಲ. ಯಾವ ಹಾಲುಹಲ್ಲೂ ಬಿದ್ದು ಅದಕ್ಕೆ ಜಾಗ ಬಿಡಬೇಕಿಲ್ಲವಾದ್ದರಿಂದ ಅದು ಬಂದದ್ದು ಹೆತ್ತವರ ಗಮನಕ್ಕೂ ಬರುವುದಿಲ್ಲ. ಎರಡು ವರ್ಷ ಕಳೆದು ಅದರ ಮೇಲೆ ಕಪ್ಪು ಕಂಡರೆ, “ಹಾಲಹಲ್ಲು, ಬಿದ್ದ ಹೋಗತೈತಿ ಬಿಡ” ಎಂದು ಮಾತು ಮುಗಿಯುತ್ತದೆ.

ಅದು ಬೀಳುವ ಹಲ್ಲಲ್ಲ. ಬದುಕಿರುವಷ್ಟು ಕಾಲ ಜೋಳದ ರೊಟ್ಟಿ ಅಗಿಯಬೇಕಾದ ಕಾಯಂ ಹಲ್ಲು. ಕಾಯಂ ಹಲ್ಲುಗಳ ಪೈಕಿ ಬೇಗ ಹುಳುಕು ಹಿಡಿಯುವುದೂ ಹೆಚ್ಚಾಗಿ ಇದಕ್ಕೇ. ಒಂದನೇ ತರಗತಿಗೆ ಬಂದಾಗ ಬೆಳ್ಳಗಿದ್ದ ಈ ಹಲ್ಲು ನಾಲ್ಕನೆಯದರ ಹೊತ್ತಿಗೆ ಕಪ್ಪಾಗಿ, ಏಳೆಂಟನೇ ತರಗತಿಗೆ ಕೀಳಿಸಿಕೊಳ್ಳುವ ಸ್ಥಿತಿಗೆ ಬರಬಹುದು. ಆ ವರ್ಷಗಳನ್ನೆಲ್ಲ ಅದು ಶಾಲೆಯಲ್ಲೇ, ಮೇಷ್ಟ್ರ ಕಣ್ಣೆದುರಿಗೇ ಕಳೆದಿರುತ್ತದೆ. ಬಡ ಮಕ್ಕಳ ಹಲ್ಲಿನ ಪ್ರಶ್ನೆಯನ್ನು ದವಾಖಾನೆಯ ಬಾಗಿಲಿನಿಂದ ನೋಡುವುದಕ್ಕಿಂತ ಶಾಲೆಯ ಬಾಗಿಲಿನಿಂದ ನೋಡಬೇಕು ಎನ್ನುವುದು ಇದಕ್ಕಾಗಿ.

ಹುಳುಕು ಹಿಡಿಯುವುದು ಹೇಗೆ

ಹೊಸ ದವಡೆ ಹಲ್ಲಿನ ನೆತ್ತಿ ನುಣುಪಾಗಿರುವುದಿಲ್ಲ. ಅದರ ತುಂಬ ಆಳವಾದ ಗೀರುಗಳು. ಹಲ್ಲು ಪೂರ್ತಿ ಮೇಲೇರಿ ಎದುರಿನ ಹಲ್ಲಿಗೆ ತಾಗಲು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಅಲ್ಲಿಯವರೆಗೆ ಅದು ಉಳಿದ ಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಅದರ ಮೇಲೆ ಹಾಯ್ದು ಹೋಗುತ್ತದೆ. ಬಾಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ಗೀರಿನಲ್ಲಿ ಕೂತ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚದ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಬಾಯನ್ನು ಸಮಸ್ಥಿತಿಗೆ ತರಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಹಿಡಿಯುತ್ತದೆ.

ಆದ್ದರಿಂದ ಸಿಹಿ ಎಷ್ಟು ತಿಂದರು ಎನ್ನುವುದರಷ್ಟೇ ದಿನಕ್ಕೆ ಎಷ್ಟು ಸಲ ತಿಂದರು ಎನ್ನುವುದೂ ಮುಖ್ಯ. ಹೋಳಿಗೆಯನ್ನು ಊಟದ ಜೊತೆ ಒಮ್ಮೆ ತಿಂದವನಿಗಿಂತ, ಬೆಳಿಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ, ಶಾಲೆಯ ಹಾದಿಯಲ್ಲಿ ಚಾಕ್ಲೇಟು ಚೀಪಿ, ಸಂಜೆ ಮತ್ತೆ ಚಹಾ ಬಿಸ್ಕತ್ತು ತಿನ್ನುವ ಮಗುವಿನ ಹಲ್ಲು ಹೆಚ್ಚು ಹೊತ್ತು ಆಮ್ಲದಲ್ಲಿರುತ್ತದೆ. ಹಸುಗೂಸಿನ ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸಿದರೆ ಮೇಲಿನ ಮುಂದಿನ ಹಲ್ಲುಗಳು ಎರಡು ವರ್ಷದೊಳಗೇ ಸವೆದು ಮೊಂಡಾಗಬಹುದು. ಹಳ್ಳಿಯ ಸಣ್ಣ ಅಂಗಡಿಯಲ್ಲೂ ಈಗ ಐದು ರೂಪಾಯಿಗೆ ಬಿಸ್ಕತ್ತು, ಒಂದು ರೂಪಾಯಿಗೆ ಚಾಕ್ಲೇಟು ಸಿಗುತ್ತದೆ. ಸಿಹಿ ಹಳ್ಳಿ ಮುಟ್ಟಿದ ವೇಗದಲ್ಲಿ ಚಿಕಿತ್ಸೆ ಮುಟ್ಟಲಿಲ್ಲ.

ಭಾರತೀಯ ದಂತವೈದ್ಯಕೀಯ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐದು ವರ್ಷದ ಮಕ್ಕಳಲ್ಲಿ ಶೇ 51.9, ಹನ್ನೆರಡರ ಮಕ್ಕಳಲ್ಲಿ ಶೇ 53.8, ಹದಿನೈದರವರಲ್ಲಿ ಶೇ 63.1 ಮಂದಿಗೆ ಹುಳುಕು ಹಲ್ಲಿತ್ತು. ಎರಡು ದಶಕ ದಾಟಿದ ಅಂಕಿಅಂಶವಾದರೂ ಅದರ ಅರ್ಥ ಸ್ಪಷ್ಟ: ಶಾಲೆಯ ಯಾವ ಬೆಂಚಿನ ಮೇಲೆ ಇಬ್ಬರು ಮಕ್ಕಳು ಕೂತಿದ್ದರೂ ಒಬ್ಬರ ಬಾಯಲ್ಲಿ ಹುಳುಕು ಇದ್ದೀತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹಾಲುಹಲ್ಲಿನ ಹುಳುಕಿಗೆ ಚಿಕಿತ್ಸೆ ಸಿಗದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ 51 ಕೋಟಿಗೂ ಹೆಚ್ಚು.

“ಬೀಳೋ ಹಲ್ಲಿಗೆ ಯಾಕ ಖರ್ಚು?” ಎನ್ನುವ ಪ್ರಶ್ನೆ ಸಹಜ. ಆದರೆ ಹಾಲುಹಲ್ಲಿನ ದವಡೆಗಳು ಹತ್ತು, ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕು. ಅವು ಕೆಳಗಿನಿಂದ ಬರುವ ಕಾಯಂ ಹಲ್ಲಿಗೆ ಜಾಗ ಕಾಯ್ದಿರುತ್ತವೆ. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಸಂದಿಗೆ ವಾಲಿ, ಹೊಸ ಹಲ್ಲು ಸೊಟ್ಟಗೆ ಹುಟ್ಟುತ್ತದೆ. ಬೇರಿನಲ್ಲಿ ಕೀವು ತುಂಬಿದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿನ ಮೊಳಕೆಗೂ ಪೆಟ್ಟು. ಇವೆಲ್ಲಕ್ಕಿಂತ ಮೊದಲಿನದು ನೋವು. ಹಲ್ಲುಬ್ಯಾನಿ ಇರುವ ಮಗು ಒಂದೇ ಕಡೆ ಅಗಿಯುತ್ತದೆ, ಗಟ್ಟಿ ತಿನಿಸು ಬಿಡುತ್ತದೆ, ರಾತ್ರಿ ನಿದ್ದೆಗೆಡುತ್ತದೆ, ಮರುದಿನ ಪಾಠದಲ್ಲಿ ತೂಕಡಿಸುತ್ತದೆ.

ದೂರ ಇರುವುದು ಕಿಲೋಮೀಟರಿನಲ್ಲಿ ಅಲ್ಲ

ನಕ್ಷೆಯಲ್ಲಿ ನೋಡಿದರೆ ಈ ಮೂರು ಊರುಗಳಿಗೆ ಸಂಪರ್ಕದ ಕೊರತೆಯಿಲ್ಲ. ಹುಬ್ಬಳ್ಳಿ–ಬೆಂಗಳೂರು ರೈಲು ಮೂರೂ ಊರುಗಳನ್ನು ಹಾದು ಹೋಗುತ್ತದೆ. ಹೆದ್ದಾರಿ ಹಾವೇರಿ, ರಾಣೇಬೆನ್ನೂರುಗಳ ಮಗ್ಗುಲಲ್ಲಿದೆ; ಬ್ಯಾಡಗಿಯವರು ಮೋಟೆಬೆನ್ನೂರಿಗೆ ಬಂದರೆ ಅದು ಸಿಗುತ್ತದೆ. ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿವೆ. ಆದರೆ 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಪಾಲಿಗೆ ಅವುಗಳಲ್ಲಿ ಒಂದೂ ಇಲ್ಲ. ತೆಂಕಣಕ್ಕೆ ದಾವಣಗೆರೆಯಲ್ಲಿ ಎರಡು, ಬಡಗಣಕ್ಕೆ ಧಾರವಾಡದ ಸತ್ತೂರಿನಲ್ಲಿ ಒಂದು. ರಿಯಾಯಿತಿ ದರದ ಚಿಕಿತ್ಸೆ, ಮಕ್ಕಳ ಹಲ್ಲಿನ ತಜ್ಞರು, ಸೀಳುತುಟಿಯ ಶಸ್ತ್ರಚಿಕಿತ್ಸೆ ಎಲ್ಲವೂ ಆ ಎರಡು ಊರುಗಳಲ್ಲಿ. ಜಿಲ್ಲೆಯೊಳಗೆ ಉಳಿಯುವುದು ಹಾವೇರಿಯ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳು ಮತ್ತು ಪೇಟೆಯ ಖಾಸಗಿ ಕ್ಲಿನಿಕ್ಕುಗಳು. ಹಳ್ಳಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಕುರ್ಚಿಯೇ ಇರುವುದಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯ 15.97 ಲಕ್ಷ ಜನರಲ್ಲಿ ನೂರಕ್ಕೆ 78ರಷ್ಟು ಮಂದಿ ಹಳ್ಳಿಗಳಲ್ಲೇ ಇದ್ದವರು.

ಬಸ್ಸಿನ ಖರ್ಚು ಈಗ ದೊಡ್ಡ ಅಡ್ಡಿಯಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೂ ಮಗಳಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮಗನಿಗೆ ಅರ್ಧ ಟಿಕೆಟ್. ತಾಯಿಯ ಲೆಕ್ಕ ಎಡವುವುದು ದಿನಗೂಲಿಯ ಹತ್ತಿರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಆವಕ ಬರುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ವರ್ಷದ ಗಳಿಕೆ ಆ ನಾಲ್ಕೈದು ತಿಂಗಳಲ್ಲೇ. ರಾಣೇಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲದಲ್ಲಿ ‘ಕ್ರಾಸಿಂಗ್’ ಕೆಲಸ ಇನ್ನೂ ಬಿಗಿ. ಸಂಜೆ ಮೊಗ್ಗಿನ ಗಂಡು ಭಾಗ ತೆಗೆದಿಟ್ಟರೆ ಮರುದಿನ ಬೆಳಿಗ್ಗೆ ಅದಕ್ಕೆ ಪರಾಗ ಮುಟ್ಟಿಸಲೇಬೇಕು. ಹೂವು ಒಂದು ದಿನವೂ ಕಾಯುವುದಿಲ್ಲ. ಹೊಲದ ಯಜಮಾನನೂ ಕಾಯುವುದಿಲ್ಲ. ಹಲ್ಲಿನ ಬೇರಿನ ಚಿಕಿತ್ಸೆಗಾದರೋ ಎರಡು ಮೂರು ಸಲ ಬರಬೇಕು. ಅಂದರೆ ಎರಡು ಮೂರು ದಿನದ ಕೂಲಿ ಹೋಯಿತು. ಖಾಸಗಿಯಲ್ಲಾದರೆ ಅದರ ಮೇಲೆ ಕೆಲವು ಸಾವಿರ ರೂಪಾಯಿ. ಕೀಳಿಸಿದರೆ ಒಂದೇ ದಿನದಲ್ಲಿ ಮುಗಿಯಿತು. ಅಜ್ಞಾನ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಲೆಕ್ಕಾಚಾರವೇ ಇದೆ.

ಕಬ್ಬು ಕಡಿಯಲೋ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವ ತಾಂಡಾದ ಮಕ್ಕಳು, ಕುರಿ ಹಿಂಡಿನ ಜೊತೆ ಊರೂರು ಸುತ್ತುವ ಮಕ್ಕಳು ತಪಾಸಣೆಯ ದಿನ ಶಾಲೆಯಲ್ಲೇ ಇರುವುದಿಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿರುವ ಮಕ್ಕಳು ಶಾಲೆಯಲ್ಲಿರುತ್ತಾರೆ, ಆಸ್ಪತ್ರೆಗೆ ಕರೆದೊಯ್ಯುವ ಹೆತ್ತವರು ಹತ್ತಿರವಿರುವುದಿಲ್ಲ. ವಾರ್ಡನ್ ಹಲ್ಲುಬ್ಯಾನಿಗೆ ಗುಳಿಗೆ ತರಿಸಿಕೊಟ್ಟು ರಾತ್ರಿ ಕಳೆಯುವಂತೆ ಮಾಡಬಹುದು, ಅಷ್ಟೇ.

ಚೀಟಿಯಿಂದ ಕುರ್ಚಿಯವರೆಗೆ

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ವಿವಿಧ ತೊಂದರೆಗಳಿಗಾಗಿ ತಪಾಸಣೆ ಮಾಡುತ್ತದೆ. ಆ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ, ಸೀಳುತುಟಿಯೂ ಇದೆ. ನಿಯಮದಂತೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ತಂಡ ಬರಬೇಕು. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಔಷಧ ವಿತರಕ, ಒಬ್ಬ ಶುಶ್ರೂಷಕಿ. ದಂತವೈದ್ಯರ ಹುದ್ದೆ ಇರುವುದು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರದಲ್ಲಿ. ಶಾಲೆಗೆ ಬರುವ ವಾಹನದಲ್ಲಿ ಇಲ್ಲ. ಟಾರ್ಚ್ ಬೆಳಕಿನಲ್ಲಿ ಬಾಯಿ ನೋಡಿದ ತಂಡ ಹುಳುಕು ಕಂಡಲ್ಲಿ ಮೇಲಿನ ಆಸ್ಪತ್ರೆಗೆ ಚೀಟಿ ಬರೆಯುತ್ತದೆ.

ವ್ಯವಸ್ಥೆ ಸೋರುವುದು ಇಲ್ಲಿಂದ. ಹುಟ್ಟಾ ಹೃದಯದ ತೊಂದರೆ ಸಿಕ್ಕರೆ ತಂಡ ಬೆನ್ನುಹತ್ತುತ್ತದೆ, ಹೆತ್ತವರೂ ಓಡುತ್ತಾರೆ. ಹುಳುಕು ಹಲ್ಲಿನ ಚೀಟಿಗೆ ಆ ಗಾಂಭೀರ್ಯವಿಲ್ಲ. ಅದು ಪಾಟಿಚೀಲದಲ್ಲಿ ಮುದುರುತ್ತದೆ. ಮುಂದಿನ ವರ್ಷ ಅದೇ ಹಲ್ಲಿಗೆ ಮತ್ತೊಂದು ಚೀಟಿ. ದಾನಿಗಳೂ ಸಂಘಸಂಸ್ಥೆಗಳೂ ನಡೆಸುವ ಶಿಬಿರದ ಕತೆಯೂ ಹಲವು ಕಡೆ ಇದೇ: ಬ್ರಷ್, ಪೇಸ್ಟ್ ಹಂಚಿಕೆ, ಸಾಲಾಗಿ ನಿಲ್ಲಿಸಿ ಫೋಟೊ, ಪತ್ರಿಕೆಗೆ ಸುದ್ದಿ. ಸುದ್ದಿಯಲ್ಲಿ ‘ಇಷ್ಟು ಮಕ್ಕಳ ತಪಾಸಣೆ’ ಎಂದಿರುತ್ತದೆ, ‘ಇಷ್ಟು ಹಲ್ಲು ಉಳಿಯಿತು’ ಎಂದಿರುವುದಿಲ್ಲ.

ದುಡ್ಡಿನ ಹರಿವೂ ಹಾಗೆಯೇ. ಬಡವರ ಆರೋಗ್ಯ ಕಾರ್ಡುಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಯನ್ನು ನೋಡಿಕೊಂಡು ರೂಪುಗೊಂಡವು; ಹುಳುಕು ತುಂಬಿಸುವುದು ಹೊರರೋಗಿಯ ಕೆಲಸ. ಹಲ್ಲಿನ ಹೆಸರಿನಲ್ಲಿ ರಾಜ್ಯ ತಂದ ಹೆಚ್ಚು ಪ್ರಚಾರದ ಯೋಜನೆ ದಂತ ಭಾಗ್ಯ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಹಲ್ಲೆಲ್ಲ ಹೋದ ಮೇಲೆ ತೆರೆಯುವ ಖಜಾನೆ, ಮೊದಲ ಕಾಯಂ ಹಲ್ಲು ಹಾಳಾಗುವಾಗ ಅಷ್ಟೇ ಉತ್ಸಾಹದಿಂದ ತೆರೆಯಬೇಕಿತ್ತು.

ಈ ನಡುವಿನ ಖಾಲಿ ಜಾಗವನ್ನು ತುಂಬುವುದು ಮೆಡಿಕಲ್ ಶಾಪು. ಗದ್ದ ಬಾತಾಗ ಕೊಂಡ ನೋವಿನ ಗುಳಿಗೆಯಿಂದ ನಾಲ್ಕು ದಿನ ಸಮಾಧಾನ. ಬೇರಿನ ಕೀವು ಅಲ್ಲೇ ಇರುವುದರಿಂದ ಬಾವು ಮರಳುತ್ತದೆ. ಜಾತ್ರೆ, ಸಂತೆಗಳಲ್ಲಿ ಹೊಗೆ ಕೊಟ್ಟು ‘ಹಲ್ಲಿನ ಹುಳ’ ಬೀಳಿಸಿ ತೋರಿಸುವವರ ಕೈಚಳಕವೂ ಉಂಟು. ಹಲ್ಲಿನಲ್ಲಿ ಹುಳುವೇ ಇರುವುದಿಲ್ಲ. ಬೀಳುವುದು ನಂಬಿದವರ ಕಣ್ಣಿಗೆ ಮಣ್ಣು.

ಡ್ರಿಲ್ ಇಲ್ಲದೆಯೂ ಆಗುವ ಕೆಲಸ

ಮಕ್ಕಳ ಹುಳುಕಿಗೆ ಯಾವಾಗಲೂ ಕರೆಂಟಿನ ಕುರ್ಚಿ, ಗುಂಯ್‌ಗುಡುವ ಡ್ರಿಲ್ ಬೇಕೆಂದಿಲ್ಲ. 1980ರ ದಶಕದ ನಡುವೆ ತಾಂಜಾನಿಯಾದ ಹಳ್ಳಿಗಳಲ್ಲಿ ದಂತವೈದ್ಯರು ಒಂದು ಸರಳ ವಿಧಾನ ರೂಪಿಸಿದರು. ಹುಳುಕಿನ ಮೆತ್ತನೆಯ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು, ಗ್ಲಾಸ್ ಐಯನೊಮರ್ ಎಂಬ ಸಿಮೆಂಟನ್ನು ಕಲಸಿ ತುಂಬುವುದು. ಬಹಳಷ್ಟು ಸಲ ಸೂಜಿಯೂ ಬೇಡ, ವಿದ್ಯುತ್ತೂ ಬೇಡ; ಶಾಲೆಯ ಮೇಜಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದು. ಈ ಸಿಮೆಂಟು ಸ್ವಲ್ಪ ಸ್ವಲ್ಪವಾಗಿ ಫ್ಲೋರೈಡನ್ನೂ ಬಿಡುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನಕ್ಕೆ ಬೆಂಬಲ ಕೊಟ್ಟಿತು.

ಇನ್ನೊಂದು ಸಾಧನ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಹುಳುಕಿನ ಮೇಲೆ ಒಂದು ಹನಿ ಸವರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಕೊಳೆತ ಜಾಗ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಾರೆ. ಹಚ್ಚಿದ ಹುಳುಕು ಶಾಶ್ವತವಾಗಿ ಕಪ್ಪಾಗುವುದು ಇದರ ದೋಷ. ಅದನ್ನು ತಾಯಿತಂದೆಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬೀಳಲಿರುವ ಹಾಲುಹಲ್ಲಿನ ದವಡೆಗೆ ಆ ಕಪ್ಪು ದೊಡ್ಡ ಬೆಲೆಯೇನಲ್ಲ. ಈ ದ್ರವ, ಗ್ಲಾಸ್ ಐಯನೊಮರ್ ಮತ್ತು ಫ್ಲೋರೈಡ್ ಪೇಸ್ಟ್ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹೊಸ ದವಡೆ ಹಲ್ಲಿನ ಗೀರುಗಳಿಗೆ ಹುಳುಕು ಹಿಡಿಯುವ ಮೊದಲೇ ಲೇಪ ಹಾಕಿ ಮುಚ್ಚುವ ಸೀಲಂಟ್ ವಿಧಾನವಂತೂ ಒಂದನೇ ಎರಡನೇ ತರಗತಿಗೆಂದೇ ಹೇಳಿ ಮಾಡಿಸಿದಂತಿದೆ.

ಶಾಲೆಯನ್ನೇ ಕೇಂದ್ರವಾಗಿಸಿದ ದೇಶಗಳ ಅನುಭವ ನಮ್ಮ ಮುಂದಿದೆ. ನ್ಯೂಜಿಲೆಂಡ್ 1921ರಲ್ಲೇ ಯುವತಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ‘ಡೆಂಟಲ್ ನರ್ಸ್’ ಎಂದು ಶಾಲೆಗಳಿಗೆ ಕಳಿಸಲು ತೊಡಗಿತು. ನಮ್ಮ ಕಾನೂನಿನಲ್ಲಿ ಹುಳುಕು ತುಂಬುವ ಕೆಲಸ ನೋಂದಾಯಿತ ದಂತವೈದ್ಯರದ್ದೇ ಆದ್ದರಿಂದ ಅದನ್ನು ಹಾಗೇ ತರಲಾಗದು. ಆದರೆ ಫಿಲಿಪ್ಪೀನ್ಸ್‌ನ ಶಾಲೆಗಳಲ್ಲಿ ನಡೆದದ್ದನ್ನು ನಾಳೆಯೇ ತರಬಹುದು: ಸೋಪಿನಿಂದ ಕೈ ತೊಳೆಯುವುದು, ಎಲ್ಲರೂ ಸೇರಿ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು, ವರ್ಷಕ್ಕೆರಡು ಸಲ ಜಂತುಹುಳದ ಗುಳಿಗೆ. ಸ್ಕಾಟ್ಲೆಂಡ್ ಕೂಡ ಶಿಶುವಿಹಾರಗಳಲ್ಲಿ ದಿನಾ ಹಲ್ಲುಜ್ಜಿಸಿ ಹುಳುಕು ತಗ್ಗಿಸಿತು, ಚಿಕಿತ್ಸೆಯ ವೆಚ್ಚವನ್ನೂ ಉಳಿಸಿತು. ನಮ್ಮ ಶಾಲೆಗಳಲ್ಲಿ ಅಕ್ಷರ ದಾಸೋಹದ ಊಟಕ್ಕೆ ಮಕ್ಕಳು ಹೇಗೂ ಕೈತೊಳೆಯಲು ಸಾಲುಗಟ್ಟುತ್ತಾರೆ. ಜಂತುಹುಳದ ಗುಳಿಗೆಯೂ ಸಿಗುತ್ತದೆ. ಸೇರಿಸಬೇಕಾದದ್ದು ಬ್ರಷ್ ಮತ್ತು ಬಟಾಣಿ ಗಾತ್ರದ ಪೇಸ್ಟ್ ಮಾತ್ರ.

ಮೂರು ತಾಲ್ಲೂಕುಗಳಲ್ಲಿ ಏನು ಸಾಧ್ಯ

ಹೊಸ ಕಟ್ಟಡ, ಹೊಸ ಇಲಾಖೆ ಬೇಕಿಲ್ಲ, ಇರುವುದನ್ನು ಹೊಂದಿಸಬೇಕು. ಮೊದಲನೆಯದು, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ವಾರಕ್ಕೊಂದು ದಿನ ಬಾಲ ಸ್ವಾಸ್ಥ್ಯದ ವಾಹನದಲ್ಲಿ ಶಾಲೆಗೆ ಹೋಗಬೇಕು, ಕೈ ಉಪಕರಣ, ಸಿಮೆಂಟು, ದ್ರವದ ಪೆಟ್ಟಿಗೆಯೊಂದಿಗೆ. ತಪಾಸಣೆಯ ದಿನವೇ ಚಿಕಿತ್ಸೆಯೂ ಆದರೆ ತಾಯಿಯ ಕೂಲಿ ಉಳಿಯುತ್ತದೆ. ಒಂದನೇ ಮತ್ತು ಎರಡನೇ ತರಗತಿಗಳಿಂದ ಆರಂಭಿಸಿದರೆ ದವಡೆ ಹಲ್ಲು ಕೈಗೆ ಸಿಗುತ್ತದೆ. ಎರಡನೆಯದು, ಅಲ್ಲಿ ಆಗದ ಪ್ರಕರಣಗಳಿಗೆ ಆಸ್ಪತ್ರೆಯಲ್ಲಿ ಶಾಲಾ ಮಕ್ಕಳಿಗೆಂದೇ ನಿಗದಿತ ದಿನ ಇರಲಿ. ಬ್ಯಾಡಗಿಯಲ್ಲಿ ಆ ದಿನ ಸೋಮವಾರ, ಗುರುವಾರ ಆಗದಿರಲಿ. ಅವು ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು. ಮೂರನೆಯದು, ದಾವಣಗೆರೆ, ಧಾರವಾಡದ ಕಾಲೇಜುಗಳ ಸಮುದಾಯ ದಂತ ವಿಭಾಗಗಳು ಶಿಬಿರಕ್ಕೆ ಬರುವುದಾದರೆ ಅದೇ ಶಾಲೆಗೆ ಆರು ತಿಂಗಳ ಬಳಿಕ ಮರಳಿ ಬರುವ ಕರಾರಿನ ಮೇಲೆ ಬರಲಿ. ನಾಲ್ಕನೆಯದು, ಹಾಸ್ಟೆಲ್ ಮಕ್ಕಳನ್ನು ಆಸ್ಪತ್ರೆಗೆ ಕರೆತರುವ ಹೊಣೆ ಯಾರದು ಎಂದು ಕಾಗದದ ಮೇಲೆ ಬರೆದಿಡಲಿ.

ನೀರಿನ ಕಡೆಗೂ ಒಂದು ಕಣ್ಣಿರಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಕಡೆ ಅದು ದಾಟಿದ್ದರ ಗುರುತು ಜನರ ಹಲ್ಲಿನ ಮೇಲೆಯೇ ಇದೆ. ಕಂದು ಗೀರಿನ ಆ ಕಲೆ ಹುಳುಕಲ್ಲ, ಎಷ್ಟು ಉಜ್ಜಿದರೂ ಹೋಗದು. ಕೊಳವೆಬಾವಿಯನ್ನೇ ನಂಬಿದ ಹಳ್ಳಿಯ ಪಂಚಾಯ್ತಿ ನೀರು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಶಾಲೆಗೂ ತಿಳಿಸಬೇಕು.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಹಲ್ಲು ಸವೆಸುತ್ತವೆ. ಪೇಸ್ಟ್ ಕೊಳ್ಳುವಾಗ ಡಬ್ಬಿಯ ಮೇಲೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯೇ ನೋಡಿ. ಗಿಡಮೂಲಿಕೆಯದೆಂದು ಮಾರುವ ಹಲವು ಪೇಸ್ಟುಗಳಲ್ಲಿ ಅದು ಇರುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಸಾಕು. ಎರಡು ಹೊತ್ತು ಉಜ್ಜಬೇಕು, ಒಂದನ್ನು ಬಿಡುವುದೇ ಆದರೆ ರಾತ್ರಿಯದನ್ನು ಬಿಡಬಾರದು. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಿಸಬೇಕು. ನೊರೆ ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ಹೋಗುತ್ತದೆ. ಮಗುವಿನ ಗದ್ದ ಬಾತು ಜ್ವರ ಬಂದಿದ್ದರೆ, ಬಾಯಿ ತೆರೆಯಲು ಇಲ್ಲವೇ ನುಂಗಲು ಕಷ್ಟವಾದರೆ ಗುಳಿಗೆ ನುಂಗಿಸಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಶಾಲೆಯ ಎಸ್‌ಡಿಎಂಸಿ ಸದಸ್ಯರು, ಪಂಚಾಯ್ತಿಯವರು, ಹಳೆಯ ವಿದ್ಯಾರ್ಥಿಗಳು ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಲಿ. ಹೋದ ವರ್ಷ ನಮ್ಮ ಶಾಲೆಯ ಎಷ್ಟು ಮಕ್ಕಳಿಗೆ ಹಲ್ಲಿನ ಚೀಟಿ ಬಂತು? ಅವರಲ್ಲಿ ಎಷ್ಟು ಮಕ್ಕಳ ಚಿಕಿತ್ಸೆ ಮುಗಿಯಿತು? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ಅಂದೇ ಠರಾವು ಬರೆದು ಕಳಿಸಿ.